ಇಡೀ ಊರು ಜೆರಾಕ್ಸ್ ಅಂಗಡಿಯಲ್ಲಿ

ಆ ಕಾಲೇಜಿನಲ್ಲಿ ಎರಡು ಗಂಟೆಗಳಿವೆ ಎಂದು ಹುಡುಗರು ಹೇಳುತ್ತಿದ್ದರು. ಒಂದು ಕಾರಿಡಾರಿನ ಕೊನೆಯಲ್ಲಿ ನೇತಾಡುವ ಹಿತ್ತಾಳೆಯದು, ಇನ್ನೊಂದು ಇತಿಹಾಸದ ಮೇಡಂ ಅವರ ಗಂಟಲು. ಎರಡನೆಯದು ಮೊದಲನೆಯದಕ್ಕಿಂತ ಜೋರು. ಮೇಲಿನ ಮಹಡಿಯ ದೊಡ್ಡ ಹಾಲಿನಲ್ಲಿ ಅವರು ಒಂದು ಸಾಮ್ರಾಜ್ಯವನ್ನು ಉರುಳಿಸಿದರೆ ಕೆಳಗಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳು ನಡುಗುತ್ತವೆ ಎಂಬ ಮಾತಿತ್ತು. ಗುಡುಗು ಮೇಡಂ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ಏನೋ, ಆ ಹೆಸರು ಪ್ರತಿ ವರ್ಷದ ಹೊಸ ತಂಡಕ್ಕೆ ಹಳೆಯ ತಂಡದಿಂದ ತಪ್ಪದೆ ತಲುಪುತ್ತಿತ್ತು. ಮೇಡಂಗೂ ಅದು ಗೊತ್ತಿತ್ತು. ಮೇಲೆ ಹುಬ್ಬು ಗಂಟಿಕ್ಕಿದರೂ ಒಳಗೊಳಗೇ ಖುಷಿಯೂ ಇತ್ತು.

ಆ ಗಂಟಲು ಪಳಗಿದ್ದು ಮನೆಯಲ್ಲಿ. ಅವರ ಅತ್ತೆಗೆ ಕಿವಿ ಮಂದ. ಗಂಡನದು ಕನ್ನಡಕದ ಅಂಗಡಿ, ಗಿರಾಕಿಗೆ ಅಕ್ಷರದ ಬೋರ್ಡು ತೋರಿಸಿ "ಓದಿ" ಅನ್ನುವುದೇ ಅವರ ಪಾಲಿಗೆ ದೊಡ್ಡ ಭಾಷಣ. ಹೀಗೆ ಕೇಳಿಸದ ಅತ್ತೆ, ಮಾತಾಡದ ಗಂಡನ ನಡುವೆ ಮದುವೆಯಾಗಿ ಬಂದ ಹೆಣ್ಣುಮಗಳು ಮನೆಯ ಮಾತೆಲ್ಲವನ್ನೂ ತಾನೇ ಆಡಬೇಕಾಯಿತು, ಅದೂ ಎತ್ತರದ ದನಿಯಲ್ಲಿ. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದರೂ ಅವರು ಒಂದು ದಿನವೂ ಮೈಕು ಮುಟ್ಟಿದವರಲ್ಲ.

ಅವರು ಕಲಿಸುತ್ತಿದ್ದದ್ದು ಮೊದಲ ವರ್ಷದ ಇತಿಹಾಸ ಪರಿಚಯ. ವಿಜ್ಞಾನದವರಿರಲಿ, ವಾಣಿಜ್ಯದವರಿರಲಿ, ಕಾಲೇಜಿಗೆ ಕಾಲಿಟ್ಟ ಎಲ್ಲರೂ ಕಡ್ಡಾಯವಾಗಿ ಓದಬೇಕಾದ ವಿಷಯ ಅದು. ಕಡ್ಡಾಯ ಎಂದ ಮೇಲೆ ಕೇಳಬೇಕೆ? ಹುಡುಗರು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತವರಂತೆ ಮುಖ ಮಾಡಿಕೊಂಡು ಬರುತ್ತಿದ್ದರು. ಯಾವನೋ ರಾಜ ಸತ್ತ ಇಸವಿಯಿಂದ ನಮಗೇನಾಗಬೇಕು ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಹಾಗೆ ಕೇಳಿದವರನ್ನು ಮೇಡಂ ಬೈಯುತ್ತಿರಲಿಲ್ಲ. ಅಂಥವರನ್ನು ಕಂಡರೆ ಅವರಿಗೆ ವಿಶೇಷ ಪ್ರೀತಿ. ನಿದ್ದೆ ಮಾಡುವವರನ್ನು ಮಾತ್ರ ಬಿಡುತ್ತಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಅವರನ್ನು ಸೀಮೆಸುಣ್ಣದ ಕಾಲದವರೆಂದು ತಿಳಿದರೆ ಮೋಸ ಹೋದಿರಿ. ಕಾಲೇಜಿಗೆ ಮೊದಲ ಪ್ರೊಜೆಕ್ಟರ್ ಬಂದಾಗ ಉಳಿದ ಅಧ್ಯಾಪಕರು ಹಾವು ಕಂಡವರಂತೆ ದೂರ ನಿಂತಿದ್ದರು. ಇವರು ಡಬ್ಬಿ ಒಡೆದು, ವೈರು ಸಿಕ್ಕಿಸಿ, ಲೈಟು ಹೊತ್ತಿಸಿ, "ನೋಡಿ, ಕಚ್ಚಲ್ಲ" ಎಂದಿದ್ದರು. ಮುಂದೆ ಹುಡುಗರ ಕೈಗೆ ಫೋನು ಬಂತು. ಬೇರೆಯವರು ತರಗತಿಯ ಬಾಗಿಲಲ್ಲೇ ಅವನ್ನು ಕಿತ್ತಿಟ್ಟುಕೊಂಡರೆ ಇವರು "ಎಲ್ಲಾರೂ ಫೋನ್ ತೆಗೀರಿ, ಕೆಲಸ ಇದೆ" ಎನ್ನುತ್ತಿದ್ದರು. ಹಳೆಯ ಪತ್ರಿಕೆಗಳನ್ನು ಪರದೆಯ ಮೇಲೆ ತೆರೆದು ಒಂದೇ ದಿನದ ಸುದ್ದಿಯನ್ನು ಎರಡು ಪತ್ರಿಕೆಗಳು ಹೇಗೆ ಬರೆದಿವೆ ನೋಡಿ ಎಂದು ಹುಡುಗರನ್ನು ಜಗಳಕ್ಕೆ ಹಚ್ಚುತ್ತಿದ್ದರು. ಹೊಸದೇನು ಬಂದರೂ ಮೊದಲು ಕೈ ಹಾಕುವವರು ಅವರೇ. ಹಾಗಾಗಿ ಆ ವರ್ಷ ಪ್ರಿನ್ಸಿಪಾಲರು ಕರೆಸಿದಾಗ ಇನ್ನೊಂದು ಹೊಸ ಯಂತ್ರ ಬಂದಿರಬೇಕೆಂದು ಹುರುಪಿನಿಂದಲೇ ಹೋದರು.

ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ಗಣಿತ ಕಲಿಸಿ ಆ ಕುರ್ಚಿಗೆ ಬಂದವರು. ವೇಳಾಪಟ್ಟಿಯಲ್ಲಿ ಒಂದು ಚೌಕ ಖಾಲಿ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಮೇಡಂ, ಈ ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಪಾಠ ಮಾಡೋರಿಲ್ಲ," ಎಂದು ಶುರು ಮಾಡಿದರು. ಹೊಗಳಿಕೆಯಿಂದ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆಂದು ಮೇಡಂಗೆ ಅನುಭವವಿತ್ತು. "ಅದಕ್ಕೇ ಒಂದು ಯೋಚನೆ ಮಾಡಿದೀನಿ. ಈ ವರ್ಷ ನಿಮ್ಮ ಪಾಠ ಎಲ್ಲಾ ರೆಕಾರ್ಡ್ ಮಾಡಿಬಿಡೋಣ. ಮುಂದಿನ ವರ್ಷದಿಂದ ಕ್ಲಾಸಲ್ಲಿ ಅದನ್ನೇ ಹಾಕಿದ್ರಾಯ್ತು."

"ನಾನು?"

"ಪರೀಕ್ಷಾ ವಿಭಾಗಕ್ಕೆ ಒಬ್ಬರು ಗಟ್ಟಿಯಾದವರು ಬೇಕು."

ಪರೀಕ್ಷಾ ವಿಭಾಗವೆಂದರೆ ಕೆಳಗಿನ ಮಹಡಿಯ ಕಿಟಕಿಯಿಲ್ಲದ ಕೋಣೆ, ಉತ್ತರಪತ್ರಿಕೆಗಳ ಕಟ್ಟು, ಅಂಟು, ಮುದ್ರೆ. ಅಲ್ಲಿ ಒಬ್ಬ ವಿದ್ಯಾರ್ಥಿಯ ಮುಖವೂ ಕಾಣುವುದಿಲ್ಲ, ನಂಬರು ಮಾತ್ರ. ತನ್ನ ದನಿಯನ್ನೇ ತನ್ನ ಜಾಗದಲ್ಲಿ ಕೂರಿಸಿ ತನ್ನನ್ನು ಕೆಳಗಿಳಿಸುತ್ತಿದ್ದಾರಲ್ಲ ಎಂದು ಮೇಡಂಗೆ ಮೈಯೆಲ್ಲ ಉರಿಯಿತು. ಆದರೆ ಅವರು ಅಳುವ ಪೈಕಿಯಲ್ಲ.

"ಸಾರ್, ಒಂದೇ ಒಂದು ಕ್ಲಾಸಿಗೆ ಬಂದು ಕೂತ್ಕೊಳ್ಳಿ. ಕ್ಯಾಮೆರಾನೂ ತನ್ನಿ. ಅದು ಮುಗಿದ ಮೇಲೂ ರೆಕಾರ್ಡಿಂಗೇ ಸಾಕು ಅನ್ನಿಸಿದ್ರೆ, ಪರೀಕ್ಷಾ ವಿಭಾಗದ ಬೀಗದ ಕೈ ನಾನೇ ಬಂದು ಇಸ್ಕೋತೀನಿ."

ಪ್ರಿನ್ಸಿಪಾಲರು ಒಪ್ಪಿದರು. ಒಂದು ತರಗತಿ ತಾನೆ.

ಮನೆಯಲ್ಲಿ ವಿಷಯ ತಿಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ದನಿ ಹಿಡಿಯೋಕೆ ಮಿಷಿನ್ ಯಾಕೆ ಬೇಕೇ? ಪಕ್ಕದ ಬೀದೀಲಿ ಒಂದು ಕುರ್ಚಿ ಹಾಕ್ಕೊಂಡು ಕೂತ್ರೆ ಸಾಲದಾ!"

"ನಗಬೇಡಿ ಅತ್ತೆ. ಆ ದನಿನೇ ಈಗ ನನಗೆ ಮುಳುವಾಗಿರೋದು."

"ಹಾಗಾದ್ರೆ ಗಂಟಲು ಕೆಟ್ಟಿದೆ ಅಂತ ಹೇಳ್ಬಿಡು."

ಗಂಡ ಚೌಕಟ್ಟೊಂದಕ್ಕೆ ತಿರುಪು ಬಿಗಿಯುತ್ತಿದ್ದವರು ತಲೆಯೆತ್ತಿ, "ಗೆಲ್ತೀಯ ಬಿಡು," ಎಂದರು. ಅವರ ಲೆಕ್ಕದಲ್ಲಿ ಅದು ಆ ವಾರದ ಮಾತಿನ ಬಹುಪಾಲು. ಮೇಡಂಗೆ ಅಷ್ಟು ಸಾಕಾಯಿತು.

ಆ ತರಗತಿಗೆ ಅವರು ಆರಿಸಿದ್ದು ಭೂಪಟದ ಕೆಲಸ. ಪರದೆಯ ಮೇಲೆ ಊರಿನ ನಕ್ಷೆ ಇರುತ್ತದೆ. ಪ್ರತಿಯೊಬ್ಬರೂ ಮನೆಯಿಂದ ಈ ಊರಿನದೇ ಒಂದು ಹಳೆಯ ಫೋಟೋ ಹುಡುಕಿ, ಫೋನಿನಲ್ಲಿ ಅದರ ಚಿತ್ರ ತೆಗೆದು, ನಕ್ಷೆಗೆ ಸೇರಿಸಬೇಕು. ಎಲ್ಲಿ ತೆಗೆದದ್ದು, ಯಾವ ವರ್ಷದ್ದು ಎಂದು ಎರಡು ಚೌಕ ತುಂಬಬೇಕು. ಆಗ ಆ ಜಾಗದಲ್ಲಿ ಒಂದು ಕೆಂಪು ಗುರುತು ಮೂಡುತ್ತದೆ. ಎಲ್ಲರದೂ ಸೇರಿದರೆ ಊರು ಬೆಳೆದ ಕಥೆ ಕಣ್ಣ ಮುಂದೆ. ಮೇಡಂ ತಮ್ಮ ಮನೆಯ ಫೋಟೋಗಳನ್ನು ಹಾಕಿ ಪರೀಕ್ಷೆ ಮಾಡಿದ್ದರು. ಅತ್ತೆ ಸೈಕಲ್ ಕಲಿಯಲು ಹೋಗಿ ಬಿದ್ದ ಮೈದಾನ, ಗಂಡನ ಅಂಗಡಿಯ ಮೊದಲ ಬೋರ್ಡು, ಎಲ್ಲವೂ ಅದರದರ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು.

ತರಗತಿಯ ದಿನ ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಹೊಟ್ಟೆಯನ್ನು ಹೇಗೋ ಹೊಂದಿಸಿಕೊಂಡು ಕೂತರು. ಹಾಲಿನ ನಡುವೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಅದರ ಹಿಂದೆ ಕಾಲೇಜಿನ ಕ್ಯಾಮೆರಾದವರು. ಹುಡುಗರು ಎಂದೂ ಇಲ್ಲದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮೇಡಂ ಎರಡು ಮಾತಿನಲ್ಲಿ ಕೆಲಸ ವಿವರಿಸಿ, "ಈಗ ನಮ್ಮ ಊರಿನ ನೂರು ವರ್ಷ ನೋಡೋಣ" ಎಂದು ಗುಂಡಿ ಒತ್ತಿದರು.

ನಕ್ಷೆ ತೆರೆಯಿತು. ಹೊಳೆ ಇತ್ತು, ಸೇತುವೆ ಇತ್ತು, ಪೇಟೆ ಬೀದಿ ಇತ್ತು. ಎಲ್ಲಾ ಖಾಲಿ. ಕಾಲೇಜಿನ ಗೇಟಿನ ಎದುರು ಒಂದೇ ಒಂದು ಕಡೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ, ಕೆಂಪು ಗುರುತುಗಳ ಗುಡ್ಡೆ. ಮೇಡಂ ಹತ್ತಿರ ಹೋಗಿ ನೋಡಿದರು. ಗೇಟಿನೆದುರಿನ ಜೆರಾಕ್ಸ್ ಅಂಗಡಿ. ಒಂದು ಗುರುತನ್ನು ಒತ್ತಿದರು: ಸೇತುವೆ ಕಟ್ಟುತ್ತಿರುವ ಕೂಲಿಗಳು, ಸ್ಥಳ ಜೆರಾಕ್ಸ್ ಅಂಗಡಿ, ಕಾಲ ಹೋದ ವಾರ. ಇನ್ನೊಂದು: ಹೊಸ ಆಸ್ಪತ್ರೆಯ ಮುಂದೆ ಸಾಲಾಗಿ ನಿಂತ ದಾದಿಯರು, ಜೆರಾಕ್ಸ್ ಅಂಗಡಿ, ಹೋದ ವಾರ. ಮತ್ತೊಂದು: ಊರೊಳಗೆ ನೀರು ನುಗ್ಗಿ ಪೇಟೆ ಬೀದಿಯಲ್ಲಿ ದೋಣಿ, ಅದೂ ಜೆರಾಕ್ಸ್ ಅಂಗಡಿಯಲ್ಲೇ, ಹೋದ ವಾರವೇ.

ಆದದ್ದು ಇಷ್ಟು. ಗೇಟಿನೆದುರಿನ ಅಂಗಡಿಯಲ್ಲಿ ನೆರಳು ಬೀಳದ ಹಾಗೆ ಬೆಳಕು ಕಟ್ಟಿದ ಮೇಜೊಂದಿತ್ತು. ಹಳೆಯ ಫೋಟೋವನ್ನು ಅದರ ಮೇಲಿಟ್ಟರೆ ಫೋನಿನಲ್ಲಿ ಚೆನ್ನಾಗಿ ಮೂಡುತ್ತದೆಂದು ಒಬ್ಬರು ಹೋಗಿದ್ದೇ ತಡ, ಇಡೀ ತರಗತಿ ಅಲ್ಲಿಗೇ ಹೋಗಿತ್ತು. ಫೋನು ತಾನು ತೆಗೆದ ಪ್ರತಿ ಚಿತ್ರದೊಳಗೂ ಎಲ್ಲಿ, ಯಾವಾಗ ತೆಗೆದೆ ಎಂದು ಗುಟ್ಟಾಗಿ ಬರೆದಿಡುತ್ತದೆ. ಚೌಕಗಳು ಖಾಲಿಯಿದ್ದರೆ ನಕ್ಷೆ ಅದನ್ನೇ ನೋಡಿ ತುಂಬಿಕೊಳ್ಳುತ್ತದೆ. ಮೇಡಂ ಶಿಸ್ತಿನ ಹೆಂಗಸು, ಪರೀಕ್ಷೆ ಮಾಡುವಾಗ ಒಂದು ಚೌಕವನ್ನೂ ಖಾಲಿ ಬಿಟ್ಟಿರಲಿಲ್ಲ. ಹಾಗಾಗಿ ಇಂಥದೊಂದು ಆಗಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಹುಡುಗರೋ, ತುಂಬದೆ ಸಾಗುತ್ತದೆಂದ ಮೇಲೆ ತುಂಬುವವರು ಯಾರು?

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸುತ್ತಿದ್ದರು. ಒಂದು ಗುಡುಗು ಗುಡುಗಿ, ನಕ್ಷೆ ಮುಚ್ಚಿ, ಯಾವುದಾದರೂ ಯುದ್ಧದ ಪಾಠ ಶುರು ಮಾಡಿದರೆ ಮಾನ ಉಳಿಯುತ್ತಿತ್ತು. ಅವರಿಗೆ ಬಾಯಿಪಾಠವಾಗಿದ್ದ ಯುದ್ಧಗಳಿಗೇನೂ ಬರವಿರಲಿಲ್ಲ. ಬಾಯಿ ತೆರೆದೂ ಆಗಿತ್ತು. ಆದರೆ ಆ ಕೆಂಪು ಗುಡ್ಡೆಯನ್ನು ಇನ್ನೊಮ್ಮೆ ನೋಡಿದಾಗ ಅವರಿಗೇ ನಗು ಬಂತು. ಇದಕ್ಕಿಂತ ಒಳ್ಳೆಯ ಪಾಠ ತಾನು ಕೂತು ಯೋಚಿಸಿದ್ದರೂ ಸಿಗುತ್ತಿರಲಿಲ್ಲ ಅನ್ನಿಸಿತು.

"ಸರಿ, ನಕ್ಕಿದ್ದಾಯ್ತಲ್ಲ," ಎಂದರು. "ಈಗ ಹೇಳಿ. ನಕ್ಷೆ ಸುಳ್ಳು ಹೇಳ್ತಿದೆಯಾ?"

"ಶುದ್ಧ ಸುಳ್ಳು ಮೇಡಂ!" ಎಂದು ಹಲವರು ಕೂಗಿದರು.

ಕಿಟಕಿ ಪಕ್ಕದ ವಾಣಿಜ್ಯದ ಹುಡುಗಿಯೊಬ್ಬಳು ಮಾತ್ರ ತಲೆಯಾಡಿಸಿದಳು. ವರ್ಷದ ಮೊದಲ ದಿನ ರಾಜ ಸತ್ತರೆ ನಮಗೇನು ಎಂದು ಕೇಳಿದ್ದವಳು ಅವಳೇ. "ಸುಳ್ಳಲ್ಲ ಮೇಡಂ. ಫೋನಲ್ಲಿ ತೆಗೆದಿದ್ದು ಅಂಗಡೀಲೇ, ಹೋದ ವಾರವೇ. ಅದು ನಕಲಿನ ತಾರೀಕು ಹೇಳ್ತಿದೆ. ನಮಗೆ ಬೇಕಾಗಿರೋದು ಅಸಲಿನ ತಾರೀಕು."

ಮೇಡಂಗೆ ಅವಳನ್ನು ಅಲ್ಲೇ ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಪುಸ್ತಕದಲ್ಲಿ ಇದು ನಾಲ್ಕನೆಯ ಪಾಠ. ಹಳೆಯ ಕೈಬರಹದ ಗ್ರಂಥಗಳ ಕೊನೆಯಲ್ಲಿ ನಕಲು ಮಾಡಿದವನು ತಾನು ಬರೆದು ಮುಗಿಸಿದ ದಿನವನ್ನು ಹಾಕಿರುತ್ತಾನೆ, ಅದನ್ನೇ ಗ್ರಂಥ ಹುಟ್ಟಿದ ದಿನವೆಂದು ನಂಬಿ ಮೋಸಹೋಗಬೇಡಿ ಎಂದು ವರ್ಷವರ್ಷವೂ ಹೇಳುತ್ತಿದ್ದರು. ವರ್ಷವರ್ಷವೂ ಹುಡುಗರು ಆಕಳಿಸುತ್ತಾ ಅದನ್ನು ಬರೆದುಕೊಳ್ಳುತ್ತಿದ್ದರು. ಇವತ್ತು ಯಾರೂ ಏನೂ ಬರೆದುಕೊಳ್ಳಲಿಲ್ಲ, ಎಲ್ಲರಿಗೂ ತಿಳಿಯಿತು.

"ಹಾಗಾದ್ರೆ ಅಸಲಿನ ತಾರೀಕು ಹೇಗೆ ಕಂಡುಹಿಡೀತೀರಿ?" ಎಂದು ಕೇಳಿ, ದೋಣಿಯ ಫೋಟೋವನ್ನು ಪರದೆ ತುಂಬ ಹಿಗ್ಗಿಸಿದರು. ಮುಳುಗಿದ ಪೇಟೆ ಬೀದಿ, ದೀಪದ ಕಂಬಕ್ಕೆ ಕಟ್ಟಿದ ದೋಣಿ, ಅದರಲ್ಲಿ ನಗುತ್ತಾ ಕೂತ ಒಬ್ಬ ಹುಡುಗ, ಹಿಂದೆ ಊರಿನ ಹಳೆಯ ಟಾಕೀಸು.

ಉತ್ತರ ಬಂದದ್ದು ಕೊನೆಯ ಬೆಂಚಿನಿಂದ. "ಅದರಲ್ಲಿ ಕಂಡುಹಿಡಿಯೋದೇನಿದೆ? ನಾನು ಮೂರನೇ ಕ್ಲಾಸಲ್ಲಿದ್ದಾಗ ಬಂದ ನೀರು ಅದು," ಎಂದರು ಪ್ರಿನ್ಸಿಪಾಲರು. "ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇದೇ ಬೀದಿ ದಾಟಿಸಿದ್ರು. ಕಣ್ಣಾರೆ ನೋಡಿದೀನಿ."

ಕಿಟಕಿ ಪಕ್ಕದ ಹುಡುಗಿ ಮೆಲ್ಲಗೆ ಎದ್ದು ನಿಂತಳು. "ತಪ್ಪು ತಿಳ್ಕೋಬೇಡಿ ಸಾರ್. ಆ ದೋಣೀಲಿ ಕೂತಿರೋದು ನಮ್ಮಜ್ಜ. ಇಲ್ಲಿ ಅವರಿಗೆ ಮೀಸೆನೂ ಬಂದಿಲ್ಲ. ನೀವು ಮೂರನೇ ಕ್ಲಾಸಲ್ಲಿದ್ದಾಗ ನಮ್ಮಪ್ಪನೇ ಹುಟ್ಟಿಬಿಟ್ಟಿದ್ರು."

"ನಿಮ್ಮಜ್ಜ ವಯಸ್ಸಿಗಿಂತ ಚಿಕ್ಕೋರಾಗಿ ಕಾಣ್ತಿದ್ರೇನಮ್ಮ?"

"ಅಷ್ಟೊಂದು ಚಿಕ್ಕೋರಾಗಾ ಸಾರ್?"

ನಗು ತಡೆದುಕೊಳ್ಳಲು ಕೆಲವರು ಬೆಂಚಿನ ಕೆಳಗೆ ಬಗ್ಗಿದರು. ಮೇಡಂ ಸ್ಥಿತಿ ಹೇಳತೀರದು. ಆ ಊರಿಗೆ ಎರಡು ಸಲ ನೀರು ನುಗ್ಗಿದ್ದು, ಯಾವ ಯಾವ ವರ್ಷ, ಎಷ್ಟೆಷ್ಟು ಎತ್ತರ, ಎಲ್ಲವೂ ಅವರ ನಾಲಗೆಯ ತುದಿಯಲ್ಲೇ ಇತ್ತು. ಒಂದೇ ಮಾತಿನಲ್ಲಿ ವಾದ ಮುಗಿಸಬಹುದಿತ್ತು. ತಾನು ಏನು ಬಲ್ಲೆ ಎಂದು ಪ್ರಿನ್ಸಿಪಾಲರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಸುಮ್ಮನೆ ನಿಂತರೆ, ಈ ಹೆಂಗಸು ಇಲ್ಲಿ ಮಾಡುವುದಾದರೂ ಏನು ಎಂದುಕೊಂಡಾರು. ಆಗ ಪರೀಕ್ಷಾ ವಿಭಾಗವೇ ಗತಿ. ಮಾತು ಗಂಟಲ ತನಕ ಬಂತು. ಆದರೆ ಆ ಹುಡುಗಿಯ ಕಣ್ಣುಗಳನ್ನು ನೋಡಿದರು. ವರ್ಷವೆಲ್ಲ ಕಿಟಕಿಯಾಚೆ ನೋಡುತ್ತಿದ್ದ ಕಣ್ಣುಗಳು ಈಗ ಪರದೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಮೇಡಂ ತುಟಿ ಕಚ್ಚಿಕೊಂಡು ಗೋಡೆಗೆ ಒರಗಿ ನಿಂತರು. ಅವರ ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಇಷ್ಟರಲ್ಲಿ ವಿಜ್ಞಾನದ ಉದ್ದನೆಯ ಹುಡುಗನೊಬ್ಬ ಎದ್ದ. "ಮೇಡಂ, ನನ್ನ ಫೋಟೋ ಹಾಕಿ. ಅದರಲ್ಲೂ ಟಾಕೀಸಿದೆ. ಆದ್ರೆ ಅದಕ್ಕೆ ಮಹಡಿ ಇದೆ. ಇದರಲ್ಲಿ ಇಲ್ಲ."

ಎರಡನ್ನೂ ಅಕ್ಕಪಕ್ಕ ಇಟ್ಟಾಗ ಎಲ್ಲರಿಗೂ ಕಂಡಿತು. ದೋಣಿಯ ಹಿಂದಿನ ಟಾಕೀಸು ಒಂದೇ ಅಂತಸ್ತಿನದು.

"ಮಹಡಿ ಇಲ್ಲದೆ ಏನು?" ಎನ್ನುತ್ತಾ ಪ್ರಿನ್ಸಿಪಾಲರು ಎದ್ದೇಬಿಟ್ಟರು. ಬೆಂಚುಗಳ ನಡುವೆ ನಡೆದುಕೊಂಡು ಪರದೆಯ ಹತ್ತಿರವೇ ಬಂದರು. "ಮಹಡಿ ಮೇಲೆ ನಿಂತಿದ್ದ ಜನ ನಮಗೆ ಬಿಸ್ಕತ್ತಿನ ಪೊಟ್ಟಣ ಎಸೆದ್ರು. ನಾನೇ ಹಿಡಿದೆ. ನಮ್ಮಪ್ಪ..." ಅಷ್ಟಕ್ಕೇ ನಿಂತರು. ದೋಣಿಯ ಫೋಟೋವನ್ನು ಮೇಲಿಂದ ಕೆಳಗೆ ನೋಡಿದರು. ಎತ್ತಿದ ಬೆರಳು ಹಾಗೇ ಗಾಳಿಯಲ್ಲಿತ್ತು.

"ನಾನು ನೋಡಿದ ನೀರಲ್ಲ ಇದು," ಎಂದರು ಕೊನೆಗೆ. "ಅದಕ್ಕೂ ಮುಂಚೆ ಇನ್ನೊಂದು ಸಲ ಬಂದಿದೆ."

ತರಗತಿ ಹೋ ಎಂದು ಕೂಗಿತು. ಪ್ರಿನ್ಸಿಪಾಲರೂ ನಕ್ಕರು. ಹುಡುಗಿ ದೋಣಿಯ ಫೋಟೋವನ್ನು ಅಂಗಡಿಯಿಂದ ಎತ್ತಿ ಪೇಟೆ ಬೀದಿಯಲ್ಲಿಟ್ಟು, ವರ್ಷದ ಚೌಕದಲ್ಲಿ "ಟಾಕೀಸಿಗೆ ಮಹಡಿ ಬರುವ ಮುಂಚೆ" ಎಂದು ಬರೆದಳು. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಫೋನು ಹಿಡಿದುಕೊಂಡರು. ಅಂಗಡಿಯ ಮೇಲಿನ ಕೆಂಪು ಗುಡ್ಡೆ ಕರಗುತ್ತಾ ಹೋಯಿತು. ಸೇತುವೆಗೆ ಕೂಲಿಗಳು ಬಂದರು, ಆಸ್ಪತ್ರೆಗೆ ದಾದಿಯರು ಬಂದರು. ಗಂಟೆ ಹೊಡೆದದ್ದು ಯಾರ ಕಿವಿಗೂ ಬೀಳಲಿಲ್ಲ.

ತರಗತಿ ಮುಗಿದ ಮೇಲೆ ಪ್ರಿನ್ಸಿಪಾಲರು, ಮೇಡಂ ಇಬ್ಬರೂ ಕ್ಯಾಮೆರಾ ಕೋಣೆಗೆ ಹೋದರು. ಕ್ಯಾಮೆರಾದವರು ಚಿತ್ರ ಓಡಿಸಿ ತಲೆ ಕೆರೆದುಕೊಂಡರು.

"ಮೇಡಂ ಮಾತಾಡಿರೋದು ಮೊದಲು ಒಂದಿಷ್ಟೇ ಸಾರ್. ಆಮೇಲೆ ಬರೀ ಗದ್ದಲ. ಯಾರು ಏನಂತಿದಾರೆ ಅಂತಲೇ ತಿಳಿಯಲ್ಲ. ಮೇಡಂ ನೋಡಿ, ಗೋಡೆಗೆ ಒರಗಿ ನಿಂತುಬಿಟ್ಟಿದಾರೆ. ಇದನ್ನ ಪಾಠ ಅಂತ ಹೇಗೆ ಹಾಕೋದು?"

ನಿಜವಾಗಿತ್ತು. ಪರದೆಯ ಅಂಚಿನಲ್ಲಿ ಮೇಡಂ ಕೈಕಟ್ಟಿ ನಿಂತಿದ್ದರು, ಅಷ್ಟೇ. ಅದನ್ನು ನೋಡಿ ಅವರಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಇಷ್ಟು ವರ್ಷ ತರಗತಿ ಎಂದರೆ ತನ್ನ ದನಿ ಎಂದೇ ನಂಬಿಕೊಂಡು ಬಂದವರು ಅವರು. ಕೆಲಸ ಉಳಿಸಿಕೊಳ್ಳಬೇಕಾದ ದಿನವೇ ಸುಮ್ಮನಿದ್ದುಬಿಟ್ಟೆನಲ್ಲ ಎಂದುಕೊಂಡರು.

ಪ್ರಿನ್ಸಿಪಾಲರು ಕುರ್ಚಿ ತಿರುಗಿಸಿದರು. "ಎರಡು ಸಲ ನೀರು ಬಂದಿದ್ದು ನಿಮಗೆ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು ಸಾರ್."

"ಮೊದಲಿಂದಲೇ?"

"ಮೊದಲಿಂದಲೇ."

"ಮತ್ತೆ ಹೇಳೋದಲ್ವಾ? ಮಕ್ಕಳ ಮುಂದೆ ಅಷ್ಟು ಹೊತ್ತು ತಪ್ಪು ವಾದ ಮಾಡಿದೆನಲ್ಲ ನಾನು!"

"ಹೇಳಿದ್ದಿದ್ರೆ ನೀವು ಹಿಂದಿನ ಬೆಂಚಲ್ಲೇ ಕೂತಿರ್ತಿದ್ರಿ ಸಾರ್."

ಪ್ರಿನ್ಸಿಪಾಲರು ಪರದೆಯತ್ತ ತಿರುಗಿದರು. ಅಲ್ಲಿ ಅವರದೇ ಚಿತ್ರ ಬೆರಳೆತ್ತಿಕೊಂಡು ಬೆಂಚುಗಳ ನಡುವೆ ನಡೆದು ಬರುತ್ತಿತ್ತು. ಅದನ್ನು ಕೊನೆಯ ತನಕ ನೋಡಿದರು.

"ಕ್ಯಾಮೆರಾ ಎತ್ತಿಟ್ಟುಬಿಡಪ್ಪ," ಎಂದರು ಕ್ಯಾಮೆರಾದವರಿಗೆ. "ಆ ಕ್ಲಾಸು ಮುಂದಿನ ವರ್ಷವೂ ಮೇಡಂಗೇ. ಪರೀಕ್ಷಾ ವಿಭಾಗಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ಮೇಡಂ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡಲೂ ಹೋಗಲಿಲ್ಲ, ಸೆರಗಿನಲ್ಲಿ ಒರೆಸಿಕೊಂಡರು. ಬಾಗಿಲ ಹತ್ತಿರ ಹೋದಾಗ ಪ್ರಿನ್ಸಿಪಾಲರು ಮತ್ತೆ ಕರೆದರು.

"ಮೇಡಂ, ಆ ಮೊದಲನೇ ನೀರು ಯಾವ ವರ್ಷದ್ದು? ಈಗಲಾದ್ರೂ ಹೇಳಿ."

"ಗುರುವಾರ ಕ್ಲಾಸಿಗೆ ಬನ್ನಿ ಸಾರ್," ಎಂದರು ಮೇಡಂ. "ಮಕ್ಕಳು ಹುಡುಕಿಕೊಂಡು ಬರ್ತಾರೆ."